ಹೊಸ್ತಿಲಲ್ಲಿ ನಿಂತ ದನಿ

ಮಾರ್ಗಶಿರದ ಚಳಿ ಆಗಷ್ಟೇ ಮೈಗೆ ಹತ್ತುತ್ತಿತ್ತು. ಕಾರ್ಖಾನೆಯ ಮೊದಲ ಸೈರನ್ ಕೂಗಲು ಇನ್ನೂ ಸ್ವಲ್ಪ ಹೊತ್ತಿದೆ ಅನ್ನುವಾಗ, ಭದ್ರಾವತಿ ನ್ಯೂಟೌನಿನ ಆ ಹಂಚಿನ ಮನೆಯಲ್ಲಿ, ಸತ್ತವಳು ಮಗನನ್ನು ಎಬ್ಬಿಸುವುದನ್ನು ನಿಲ್ಲಿಸಿದಳು.

ಮುರುಗೇಶಪ್ಪನವರು ಎಂದಿನಂತೆ ಮೊದಲೇ ಎದ್ದು ನಡುಮನೆಯ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮಗನ ಕೋಣೆಯ ಬಾಗಿಲ ಕಡೆಗೆ ಬಲಗಿವಿ ಇತ್ತು. ಎಡಗಿವಿಯನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದವರು ಅವರು. ಫೌಂಡ್ರಿಯ ಸದ್ದಿನಲ್ಲಿ ಆಯುಸ್ಸು ಕಳೆದವನಿಗೆ ಎರಡೆರಡು ಕಿವಿ ಯಾಕೆ ಅನ್ನುವುದು ಅವರ ಹಳೆಯ ಮಾತು. ದಿನಾ ಈ ಹೊತ್ತಿಗೆ ಆ ಬಾಗಿಲ ಹಿಂದಿನಿಂದ ಹೆಂಡತಿ ಪುಷ್ಪಮ್ಮನ ದನಿ ಬರಬೇಕಿತ್ತು. "ರುದ್ರೇಶಾ... ಏಳಪ್ಪಾ, ಸೈರನ್ ಕೂಗೋ ಹೊತ್ತಾಯ್ತು." ಆವತ್ತು ಬಂದದ್ದು ಟಿಣಿ ಟಿಣಿ ಅನ್ನುವ ಗಂಟೆ. ಐಸ್‌ಕ್ಯಾಂಡಿಯವನು ಬಾಗಿಲಿಗೆ ಬಂದಂತಿತ್ತು.

ಗಂಟೆ ನಿಂತಿತು. ಒಳಗೆ ಮಗ ಎದ್ದು ಕೂತ ಸದ್ದು, ಆಮೇಲೆ ಸೊಸೆಯ ಪಿಸುಮಾತು. ಮುರುಗೇಶಪ್ಪನವರ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಂಡಿತು. ಅದರೊಳಗಿನ ಲಿಂಗ ಕಂಬಳಿಯೊಳಗೂ ತಣ್ಣಗಿತ್ತು.

ಇದು ಶುರುವಾದದ್ದು ಹಿಂದಿನ ಬೇಸಿಗೆಯಲ್ಲಿ. ರುದ್ರೇಶ್ ಹೊಸ ಮೊಬೈಲ್ ತಂದಿದ್ದ. ಅದರ ಹೊಟ್ಟೆಯೊಳಗೆ ಕಿರುಬೆರಳ ಉಗುರಿನಷ್ಟು ಕಪ್ಪನೆಯ ಮೆಮೊರಿ ಕಾರ್ಡು. ಹಾಡು, ಫೋಟೋ, ಆಡಿದ ಮಾತು ಎಲ್ಲ ಇದರೊಳಗೇ ಕೂರುತ್ತದೆ ಅಂತ ಅವನು ಬಿಚ್ಚಿ ತೋರಿಸಿದಾಗ ಪುಷ್ಪಮ್ಮ, "ಅಷ್ಟು ಚಿಕ್ಕದ್ರೊಳಗೆ ಕೂತ್ರೆ ಉಸಿರು ಕಟ್ಟಲ್ವೇನೋ" ಅಂದಿದ್ದಳು. ಯಾವ ಗಡಿಯಾರಕ್ಕೂ ಏಳದ ಮಗ ಅಮ್ಮನ ದನಿಗೆ ಮಾತ್ರ ಏಳುವವನು. ಒಂದು ಬೆಳಿಗ್ಗೆ ನಿದ್ದೆಯಲ್ಲಿದ್ದಂತೆ ನಟಿಸುತ್ತ, ದಿಂಬಿನ ಪಕ್ಕ ಮೊಬೈಲ್ ಇಟ್ಟುಕೊಂಡು ಅವಳ ಕರೆಯನ್ನು ಹಿಡಿದುಬಿಟ್ಟ. ಅದನ್ನೇ ಅಲಾರಮ್ಮಿಗೆ ಹಾಕಿಕೊಂಡ. "ನಾಳೆಯಿಂದ ನೀನು ಆರಾಮಾಗಿ ಮಲಗಮ್ಮ, ನೀನೇ ಎಬ್ಬಿಸ್ತೀಯ" ಅಂದ. ಅವಳು ನಕ್ಕಳು, ಆದರೆ ಏಳುವುದನ್ನು ಬಿಡಲಿಲ್ಲ. ಕೋಣೆಯೊಳಗೆ ಒಬ್ಬಳು ಪುಷ್ಪಮ್ಮ ಕರೆಯುತ್ತಿದ್ದಳು, ಅಡುಗೆಮನೆಯಲ್ಲಿ ಒಬ್ಬಳು ಪುಷ್ಪಮ್ಮ ಕಾಫಿಗೆ ನೀರಿಡುತ್ತಿದ್ದಳು.

ಶ್ರಾವಣದಲ್ಲಿ ಅಡುಗೆಮನೆಯವಳು ಹೋದಳು. ಕೋಣೆಯವಳು ಉಳಿದಳು.

ಎದೆನೋವು ಅಂತ ಕೂತವಳನ್ನು ಆಟೋದಲ್ಲಿ ಕರೆದುಕೊಂಡು ಹೋದರು, ತಿರುಗಿ ತಂದದ್ದು ಹೆಣವನ್ನು. ಕುಲಾಚಾರದಂತೆ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿಗಟ್ಟಿ ಜೋಡಿಸಿ, ಮಣ್ಣು ಕೊಟ್ಟು ಬಂದರು. ಅಯ್ಯನವರು ಮಂತ್ರ ಮುಗಿಸಿ, ನಮ್ಮಲ್ಲಿ ಹೋದವರು ಅಲೆಯುವುದಿಲ್ಲ, ಪ್ರೇತ ಅನ್ನುವುದಿಲ್ಲ, ಲಿಂಗದಲ್ಲಿ ಒಂದಾಗಿಬಿಡುತ್ತಾರೆ, ಅಳಬೇಡಿ ಅಂದಿದ್ದರು. ಮಾರನೆಯ ಬೆಳಿಗ್ಗೆ, ಮನೆ ತುಂಬ ನೆಂಟರು ಚಾಪೆ ಹಾಸಿ ಮಲಗಿದ್ದಾಗ, ಕೋಣೆಯಿಂದ ಪುಷ್ಪಮ್ಮ ಕರೆದಳು. "ರುದ್ರೇಶಾ... ಏಳಪ್ಪಾ." ಮಲಗಿದ್ದವರೆಲ್ಲ ಎದ್ದು ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಲಾರಂ ತೆಗೆಯಲು ರುದ್ರೇಶನಿಗೆ ಮರೆತುಹೋಗಿತ್ತು. ಆವತ್ತೇ ತೆಗೆಯಬಹುದಿತ್ತು. ತೆಗೆಯಲಿಲ್ಲ. ಮರುದಿನ ಎಲ್ಲರೂ ಆ ಹೊತ್ತಿಗೆ ಮೊದಲೇ ಎಚ್ಚರವಾಗಿ, ಉಸಿರು ಹಿಡಿದು ಮಲಗಿದ್ದರು.

ಹಾಗೆ ತಿಂಗಳುಗಳು ಕಳೆದವು. ಸೊಸೆ ವೀಣಾ ಮೊದಮೊದಲು ಆ ಹೊತ್ತಿಗೆ ಸರಿಯಾಗಿ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದಳು. "ಬೇರೆ ಏನಾದ್ರೂ ಹಾಕ್ಕೊಳ್ರಿ, ನನಗೆ ಕಿವಿ ಹತ್ರಾನೇ ನಿಂತು ಕರೆದಂಗಾಗುತ್ತೆ" ಅಂತ ಗಂಡನಿಗೆ ಹೇಳಿದ್ದನ್ನು ಮುರುಗೇಶಪ್ಪನವರೇ ಕೇಳಿಸಿಕೊಂಡಿದ್ದರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು.

ದನಿ ನಿಂತ ಮೇಲೂ ಮನೆಯಲ್ಲಿ ಏನೋ ನಿಂತೇ ಇರುತ್ತಿತ್ತು. ಅದು ಬಾಗಿಲ ಹತ್ತಿರ. ಪುಷ್ಪಮ್ಮನಿಗೆ ಒಂದು ಪದ್ಧತಿಯಿತ್ತು. ಎದುರಿನ ನಲ್ಲಿಗೆ ಹೋಗಲಿ, ಆಯನೂರಿನ ತಂಗಿಯ ಮನೆಗೆ ಹೋಗಲಿ, ಒಳಗಿದ್ದವರು "ಹೋಗಿ ಬಾ" ಅನ್ನದೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ಅದು ಅವಳ ತವರಿನಿಂದ ಬಂದದ್ದು. ಹೇಳಿಸಿಕೊಳ್ಳದೆ ಹೊರಗೆ ಕಾಲಿಟ್ಟವರು ದಾರಿಯಲ್ಲೇ ಉಳಿಯುತ್ತಾರೆ ಅಂತ ಅವರ ಅಜ್ಜಿ ಹೇಳುತ್ತಿದ್ದಳಂತೆ. ಗಂಡನ ಕಿವಿ ಗೊತ್ತಿದ್ದವಳಾದ್ದರಿಂದ ಅವರು ನಡುಮನೆಯಲ್ಲಿದ್ದರೆ ಅವರ ಬಲಕ್ಕೆ ಬಂದು ನಿಂತು ಕೇಳುತ್ತಿದ್ದಳು. ಈಗ ಬೆಳಿಗ್ಗೆ ದನಿ ನಿಂತ ಮೇಲೆ ಮುರುಗೇಶಪ್ಪನವರಿಗೆ ಹೊಸ್ತಿಲ ಹತ್ತಿರ ಒಂದು ಆಳೆತ್ತರದ ಚಳಿ ಕಾಣುತ್ತಿತ್ತು. ಪಕ್ಕದ ಮನೆಯ ತಮಿಳರ ಬೆಕ್ಕು ಹಿಂದೆಲ್ಲ ಹಾಲಿನ ಪಾತ್ರೆಯ ವಾಸನೆ ಹಿಡಿದು ನೇರ ಒಳಗೇ ಬರುತ್ತಿತ್ತು. ಈಗ ಅದು ಹೊಸ್ತಿಲವರೆಗೆ ಬಂದು, ತಲೆ ಎತ್ತಿ, ಯಾರದೋ ಮುಖವನ್ನು ನೋಡುವಂತೆ ಒಂದು ಗಳಿಗೆ ನೋಡಿ, ಹಿಂದಕ್ಕೆ ಹೋಗುತ್ತಿತ್ತು.

ಲಿಂಗದಲ್ಲಿ ಒಂದಾದ ಮೇಲೆ ಇಲ್ಲಿ ನಿಂತವಳು ಯಾರು? ಈ ಪ್ರಶ್ನೆಯನ್ನು ಅವರು ಯಾರ ಮುಂದೆಯೂ ಆಡಲಿಲ್ಲ.

ಇನ್ನೊಂದು ವಿಷಯವನ್ನೂ ಆಡಿರಲಿಲ್ಲ. ರುದ್ರೇಶ್ ದಿನಾ ಮೊದಲ ಕರೆಗೇ ಮೊಬೈಲಿನ ಗುಂಡಿ ಒತ್ತಿ ನಿಲ್ಲಿಸುತ್ತಿದ್ದ. ಕಾರ್ತಿಕದ ಒಂದು ಬೆಳಿಗ್ಗೆ ಅವನು ಬಚ್ಚಲಲ್ಲಿದ್ದಾಗ ಅದು ಕೂಗಿತು, ನಿಲ್ಲಿಸುವವರು ಇರಲಿಲ್ಲ. "ರುದ್ರೇಶಾ... ಏಳಪ್ಪಾ, ಸೈರನ್ ಕೂಗೋ ಹೊತ್ತಾಯ್ತು." ಅಲ್ಲಿಗೆ ಮುಗಿಯಲಿಲ್ಲ. ಬಳೆಯ ಸದ್ದಾಯಿತು. ಆಮೇಲೆ ಬೇರೆಯೇ ದನಿಯಲ್ಲಿ, ಮನೆಯಲ್ಲಿ ಒಬ್ಬರಿಗೆ ಮಾತ್ರ ಇಟ್ಟಿದ್ದ ದನಿಯಲ್ಲಿ, ಅವಳು "ರೀ..." ಅಂದಳು. ಅಷ್ಟರಲ್ಲಿ ವೀಣಾ ಓಡಿಬಂದು ನಿಲ್ಲಿಸಿದಳು.

ರೀ ಅಂದ ಮೇಲೆ ಏನಂದಳು? ಮಗನನ್ನು ಕರೆದು, ನಾಳೆ ಪೂರ್ತಿ ಆಗಲಿ ಬಿಡು, ನಾನು ಕೇಳಬೇಕು ಅಂತ ಹೇಳಬಹುದಿತ್ತು. ಆದರೆ ಗಂಡಹೆಂಡಿರ ಕೋಣೆಯ ವಿಷಯ. ಹೆಂಡತಿ ರೀ ಅಂದದ್ದಕ್ಕೆ ಕಿವಿಗೊಟ್ಟು ಕೂತ ಮುದುಕ ಅಂತ ನಕ್ಕರೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತಲೇ ಮಾರ್ಗಶಿರ ಬಂತು. ಇವತ್ತು ಟಿಣಿ ಟಿಣಿ.

ಸಂಜೆ ಶಿಫ್ಟ್ ಮುಗಿಸಿ ರುದ್ರೇಶ್ ಮುಖ ಊದಿಸಿಕೊಂಡು ಬಂದ. ಬೆಳಿಗ್ಗೆ ಕಾರ್ಡು ಓದಲಾಗದೆ ಮೊಬೈಲು ತನ್ನದೇ ಗಂಟೆ ಹೊಡೆದಿತ್ತು, ಅದಕ್ಕೇ ಪೇಪರ್ ಟೌನಿನ ಗೆಳೆಯನ ಮನೆಯ ಕಂಪ್ಯೂಟರಿಗೆ ಕಾರ್ಡು ಹಾಕಿ ನೋಡಿಕೊಂಡು ಬಂದಿದ್ದ.

"ಕಾರ್ಡ್ ಇದೆ ಅಂತ ಕಂಪ್ಯೂಟರ್ ತೋರಿಸ್ತದೆ ಅಪ್ಪಾಜಿ. ತೆಗೆಯಕ್ಕೆ ಹೋದ್ರೆ ಮಾತ್ರ ತೆಗೆಯಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತದೆ. ಅವನು ಹೂಂ ಅಂತ ಒತ್ತೋದ್ರಲ್ಲಿದ್ದ, ನಾನು ಕೈ ಹಿಡ್ಕೊಂಡೆ. ಒತ್ತಿದ್ರೆ ಎಲ್ಲ ಹೋಗ್ಬಿಡ್ತಿತ್ತು."

ಆಯನೂರಿನಿಂದ ಪುಷ್ಪಮ್ಮನ ತಂಗಿ ದಾಕ್ಷಾಯಣಮ್ಮ ಬಂದಿದ್ದಳು. ಅಡಿಕೆಪುಡಿಯನ್ನು ದವಡೆಗೆ ಸೇರಿಸಿ, ಅಡುಗೆಮನೆಗೆ ಕೇಳುವಷ್ಟೇ ಜೋರಾಗಿ ಅಂದಳು: "ಅದು ಕೋಣೆ ಒಳಗಿದ್ದ ವಸ್ತು ಭಾವ. ತಾನಾಗೇ ಯಾಕೆ ಕೆಡ್ತದೆ? ಸತ್ತ ಮೇಲೂ ಅತ್ತೆ ಕೂಗು ಕೇಳ್ಕೊಂಡು ಏಳ್ಬೇಕು ಅಂದ್ರೆ ಈಗಿನ ಹುಡುಗೀರಿಗೆ ಆಗ್ತದಾ ಮಾರಾಯ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

"ಚಿಕ್ಕಮ್ಮ, ಸುಮ್ನಿರು" ಅಂದ ರುದ್ರೇಶ್. ಆದರೆ ಅವನೂ ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಮುರುಗೇಶಪ್ಪನವರೂ ನೋಡಿದರು. ಬಚ್ಚಲ ನಲ್ಲಿಯ ಸದ್ದು ಅವರಿಗೂ ನೆನಪಿತ್ತು.

"ಶಿವಮೊಗ್ಗ ದುರ್ಗಿಗುಡೀಲಿ ಒಬ್ಬರಿದ್ದಾರಂತೆ, ಇಂಥವೇ ತೆಗೆಯೋರು" ಅಂದ ಮಗ. "ನನಗೆ ಈ ವಾರ ರಜೆ ಸಿಗಲ್ಲ."

"ನಾನು ಹೋಗ್ತೀನಿ" ಅಂದರು ಮುರುಗೇಶಪ್ಪ.

"ನಿಮಗೆ ಅವರು ಹೇಳಿದ್ದು ಕೇಳಬೇಕಲ್ಲ."

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ವೀಣಾ ಬಾಗಿಲಿಗೆ ಬಂದಳು. "ಮಾವನ ಜೊತೆ ನಾನು ಹೋಗ್ತೀನಿ" ಅಂದಳು.

ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿದರು. ಮಾಚೇನಹಳ್ಳಿ ದಾಟಿತು, ನಿದಿಗೆ ದಾಟಿತು. ವೀಣಾ ಅವರ ಬಲಕ್ಕೆ ಕೂತಿದ್ದಳು. ಕಿಟಕಿಯ ಪಕ್ಕದ ಜಾಗ ಬಿಟ್ಟು ಅಲ್ಲಿಗೆ ಯಾಕೆ ಬಂದಳು ಅಂತ ಅವರಿಗೆ ಆಮೇಲೆ ಹೊಳೆಯಿತು. ಕಾರ್ಡು ಅವರ ಅಂಗಿಯ ಜೇಬಿನಲ್ಲಿ, ಕಾಗದದ ಪೊಟ್ಟಣದಲ್ಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಅವರು ಜೇಬಿನ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದ ದಿನ ಪುಷ್ಪಮ್ಮ ಈ ಹೆಗಲಿಗೇ ಒರಗಿದ್ದಳು. ಮನೆಯಿಂದ ಎತ್ತಿ ತರುವಾಗ ಹೊಸ್ತಿಲ ಹತ್ತಿರ ಅವಳ ಕಣ್ಣು ಯಾರನ್ನೋ ಹುಡುಕಿತ್ತಂತೆ. ಆಗ ಅವರು ಒಳಗೆ ಬೀಗದ ಕೈ ಹುಡುಕುತ್ತಿದ್ದರು.

ಅಂಗಡಿ ಮಹಡಿಯ ಮೇಲಿತ್ತು. ಇಕ್ಕಟ್ಟಾದ ಜಾಗ. ಮೇಜಿನ ತುಂಬ ತಂತಿ, ಬಿಚ್ಚಿ ಹಾಕಿದ ಡಬ್ಬಗಳು. ಅವುಗಳ ನಡುವೆ ಹಣೆಗೆ ತೆಳುವಾಗಿ ವಿಭೂತಿ ಎಳೆದುಕೊಂಡ ಮೂವತ್ತರ ಸುಮಾರಿನವನು. ಹೆಸರು ವಿಶ್ವಾರಾಧ್ಯ ಅಂದ. ಮುರುಗೇಶಪ್ಪನವರು ಅದನ್ನು ಕೇಳಿದ್ದೇ, ಜಂಗಮರ ಮನೆಯವರು ಅಂತ ತಿಳಿದು ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಮುಗಿದರು.

"ಶರಣು ಸ್ವಾಮಿ."

"ಅಯ್ಯೋ ಯಜಮಾನ್ರೆ, ಇಲ್ಲಿ ಸ್ವಾಮಿ ಗೀಮಿ ಅನ್ಬೇಡಿ. ಗಿರಾಕಿಗಳು ಕೇಳಿದ್ರೆ ಮಂತ್ರ ಹಾಕಿ ರಿಪೇರಿ ಮಾಡ್ತಾನೆ ಅಂದ್ಕೊಳ್ತಾರೆ. ಅಯ್ಯನೋರ ಕೆಲಸ ಎಲ್ಲ ನಮ್ಮ ತಂದೇದು. ನಂದು ಇಷ್ಟೇ." ಅವನು ತಂತಿಗಳ ರಾಶಿಯನ್ನು ತೋರಿಸಿದ. "ಏನಾಗಿದೆ?"

ವೀಣಾ ಹೇಳಿದಳು. ಅವನು ಕಾರ್ಡನ್ನು ಒಂದು ಅಗಲವಾದ ಬಿಲ್ಲೆಯೊಳಗೆ ತೂರಿಸಿ, ಕಂಪ್ಯೂಟರಿನ ತಂತಿಯ ತುದಿಗೆ ಸಿಕ್ಕಿಸಿದ. ಟೊಂಯ್ ಅಂತ ಸದ್ದಾಯಿತು.

"ಬಂತಾ?" ಅಂದರು ಮುರುಗೇಶಪ್ಪ.

"ಬಂದಿದೆ. ನೋಡಿ, ಇಲ್ಲಿ ಎಫ್ ಅಂತ. ಕಂಪ್ಯೂಟರಿಗೆ ಗೊತ್ತಾಗ್ತಿದೆ, ಇಲ್ಲೊಬ್ರು ಇದ್ದಾರೆ ಅಂತ. ಆದ್ರೆ..." ಅವನು ಒತ್ತಿದ. ಪರದೆಯ ಮೇಲೆ ಒಂದು ಚೌಕ ಮೂಡಿತು. "ಕೇಳ್ತಿದೆ, ಫಾರ್ಮ್ಯಾಟ್ ಮಾಡ್ಬೇಕಾ ಅಂತ. ಹೆಂಗೆ ಹೇಳೋದು ನಿಮಗೆ... ಮನೆ ಇದೆ. ಬಾಗ್ಲು ಬಡಿದ್ರೆ ಒಳಗಿಂದ ಕೆಮ್ಮಿದ ಸದ್ದು ಬರುತ್ತೆ. ಆದ್ರೆ ಚಿಲಕ ತೆಗೆಯೋರಿಲ್ಲ. ಇವನು ಏನಂತಾನೆ ಅಂದ್ರೆ, ಒಳಗೆ ಯಾರೂ ಇಲ್ಲ ಅಂತ ಲೆಕ್ಕ ಹಾಕ್ಕೊಂಡು ಸುಣ್ಣ ಬಳಿದುಬಿಡ್ಲಾ ಅಂತಾನೆ."

"ಬೇಡ" ಅಂದರು ಮುರುಗೇಶಪ್ಪ.

"ಬೇಡ. ಇದಕ್ಕೆ ಹೂಂ ಅಂದೇ ಅರ್ಧ ಜನ ಕಳ್ಕೊಳ್ಳೋದು." ಅವನು ಇಲ್ಲ ಅಂತ ಒತ್ತಿದ. "ಒಳಗೆ ಏನಿತ್ತು? ಮದುವೆ ಫೋಟೋನಾ?"

ಮಾವ ಸೊಸೆಯ ಕಡೆ ನೋಡಿದರು. ವೀಣಾ ಅಂದಳು: "ನಮ್ಮ ಅತ್ತೆ ಇದ್ರು."

ವಿಶ್ವಾರಾಧ್ಯ ಅವಳ ಮುಖ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ.

ಅವನು ಬಿಲ್ಲೆ ಬದಲಾಯಿಸಿದ. ಅದೇ ಚೌಕ ಬಂತು. ಪಕ್ಕದ ಕಂಪ್ಯೂಟರಿಗೆ ಹಾಕಿದ. ಅಲ್ಲಿಯೂ ಟೊಂಯ್ ಅಂತು, ಅಲ್ಲಿಯೂ ತೆಗೆಯಲಿಲ್ಲ. ಕಾರ್ಡಿನೊಳಗೆ ಎಷ್ಟು ಜಾಗವಿದೆ ಅಂತ ಕೇಳಿದರೆ ಕಂಪ್ಯೂಟರು ಒಮ್ಮೆ ಸೊನ್ನೆ ಅಂದಿತು, ಒಮ್ಮೆ ಏನೂ ಅನ್ನಲಿಲ್ಲ. "ಒಂದ್ಸಲ ಇದ್ದೀನಿ ಅಂತದೆ, ಒಂದ್ಸಲ ಇಲ್ಲ ಅಂತದೆ" ಎಂದು ತನ್ನಷ್ಟಕ್ಕೆ ಅಂದುಕೊಂಡ. ಮುರುಗೇಶಪ್ಪನವರಿಗೆ ಬೆಕ್ಕು ನೆನಪಾಯಿತು, ತಲೆ ಎತ್ತಿ ನೋಡಿ ಹಿಂದೆ ಹೋಗುವ ಬೆಕ್ಕು.

ವಿಶ್ವಾರಾಧ್ಯ ಕಾರ್ಡನ್ನು ಹೊರತೆಗೆದು, ಗಡಿಯಾರ ರಿಪೇರಿಯವರು ಇಟ್ಟುಕೊಳ್ಳುವಂಥ ಭೂತಗನ್ನಡಿ ಹಿಡಿದು, ಬೆನ್ನು ಮೇಲೆ ಮಾಡಿ ನೋಡಿದ. ಹುಬ್ಬು ಗಂಟಿಕ್ಕಿತು.

"ಈ ಚಿನ್ನದ ಬಣ್ಣದ ಗೆರೆಗಳು ಕಾಣ್ತವಲ್ಲ, ಇವು ತಾಗಿದ್ರೇನೆ ಮಾತು ಆಚೆಗೆ ಹರಿಯೋದು. ಇದರ ಮೇಲೆ ಏನೋ ಕಟ್ಟಿಕೊಂಡಿದೆ. ಸುಣ್ಣದ ಥರ." ಉಗುರಿನಿಂದ ಮೆಲ್ಲಗೆ ಗೀರಿದ. ಬೆರಳ ತುದಿಗೆ ಬಂದದ್ದನ್ನು ಉಜ್ಜಿ ನೋಡಿದ, ಮೂಗಿನ ಹತ್ತಿರ ಹಿಡಿದ. ಆಮೇಲೆ ಆ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಎತ್ತಿ ಹಿಡಿದುಕೊಂಡ.

"ಯಜಮಾನ್ರೆ, ಇದು ವಿಭೂತಿ."

ಮುರುಗೇಶಪ್ಪನವರಿಗೆ ಕೇಳಿಸಿತ್ತು. ಆದರೂ ಸೊಸೆಯ ಕಡೆ ತಿರುಗಿದರು. ವೀಣಾ ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು.

"ನಾನೇ ಮಾವ" ಅಂದಳು. "ಸೋಮವಾರ ಸೋಮವಾರ ಅವರು ಶಿಫ್ಟಿಗೆ ಹೋಗೋಕೆ ಮುಂಚೆ ಸ್ನಾನಕ್ಕೆ ಹೋಗ್ತಾರಲ್ಲ, ಆಗ ಮೊಬೈಲಿಂದ ತೆಗೆದು, ದೇವರ ಮುಂದೆ ಇಟ್ಟು, ವಿಭೂತಿ ನೀರಲ್ಲಿ ಅದ್ದಿ ಹಚ್ಚಿ, ಒಣಗಿದ ಮೇಲೆ ಮತ್ತೆ ಹಾಕಿಡ್ತಿದ್ದೆ."

"ಆಫ್ ಮಾಡಿ ತೆಗೀತಿದ್ರಾ, ಹಂಗೇನಾ?" ಅಂದ ವಿಶ್ವಾರಾಧ್ಯ.

"ಹಂಗೇ ಕೀಳ್ತಿದ್ದೆ."

"ಅದೂ ಒಂದು ಪೆಟ್ಟು" ಅಂತ ಅವನು ಮೆಲ್ಲಗೆ ಅಂದ.

ಮುರುಗೇಶಪ್ಪನವರು ಸೊಸೆಯ ಕಡೆಗೆ ಬಲಗಿವಿ ತಿರುಗಿಸಿದರು. ಆಮೇಲೆ, "ಯಾಕಮ್ಮ?" ಅಂದರು.

"ಮೊದಲು ಹೆದರಿಕೆಗೆ. ಆಮೇಲೆ ಹೆದರಿಕೆ ಹೋಯ್ತು." ಅವಳು ಕಣ್ಣು ಎತ್ತಲಿಲ್ಲ. "ಗುಣೀಲಿ ಕೂತ ಅತ್ತೆಗೆ ಎಲ್ಲರೂ ವಿಭೂತಿ ಇಟ್ರಿ. ಇದರೊಳಗೆ ಉಳಿದೋರಿಗೆ ಯಾರು ಇಟ್ರು ಮಾವ? ಇವರನ್ನ ಒಂಟಿಯಾಗಿ ಬಿಟ್ಟುಬಿಟ್ಟಂಗೆ ಅನ್ನಿಸ್ತಿತ್ತು. ದಿನಾ ಬಂದು ಕರೀತಾರೆ, ಯಾರೂ ಬನ್ನಿ ಕೂತ್ಕೊಳ್ಳಿ ಅನ್ನಲ್ಲ."

ಮುರುಗೇಶಪ್ಪನವರು ಕೈ ಚಾಚಿ ಸೊಸೆಯ ತಲೆಯ ಮೇಲೆ ಇಟ್ಟು ತೆಗೆದರು. ಅವಳು ಮನೆಗೆ ಬಂದ ಮೇಲೆ ಅವರು ಹಾಗೆ ಮಾಡಿದ್ದು ಅದೇ ಮೊದಲು.

ವಿಶ್ವಾರಾಧ್ಯ ಬೆರಳ ಮೇಲಿದ್ದದ್ದನ್ನು ತನ್ನ ಹಣೆಗೆ ಹಚ್ಚಿಕೊಂಡು ಕೆಲಸಕ್ಕೆ ಕೂತ. ಪೆನ್ಸಿಲ್ ಅಳಿಸುವ ರಬ್ಬರು ತೆಗೆದು, ಹಸುಗೂಸಿನ ಕಿವಿ ಒರೆಸುವಷ್ಟು ಹಗುರವಾಗಿ, ಆ ಗೆರೆಗಳನ್ನು ಒಂದೊಂದಾಗಿ ತಿಕ್ಕಿದ. ಊದಿದ. ಮತ್ತೆ ಹಾಕಿದ. ಈ ಸಲ ಜಾಗ ಎಷ್ಟು ಅಂತ ಕಂಪ್ಯೂಟರು ತಡವರಿಸದೆ ಹೇಳಿತು. ಆದರೂ ಬಾಗಿಲು ತೆಗೆಯಲು ಹೋದರೆ ಅದೇ ಚೌಕ, ಅದೇ ಪ್ರಶ್ನೆ.

"ಈಗ ಕಾರ್ಡು ಸರಿಯಾಗಿ ಮಾತಾಡ್ತಿದೆ" ಅಂದ. "ಆದ್ರೆ ಯಾರ್ಯಾರು ಎಲ್ಲೆಲ್ಲಿ ಇದ್ದಾರೆ ಅನ್ನೋ ಗುರುತು ಹರಿದೋಗಿದೆ. ಆನ್ ಇದ್ದಾಗ್ಲೇ ಕಿತ್ತಿದ್ದಕ್ಕೆ. ಪರವಾಗಿಲ್ಲ. ಬಾಗಿಲು ಬಿಟ್ಟು ಹೆಂಚು ಸರಿಸಿ ಇಳಿಯೋಣ. ಮೊದಲು ಇದ್ದಂಗೆ ಪೂರ್ತಿ ನಕಲು ತಗೊಂಡು, ಆ ನಕಲಲ್ಲಿ ಹುಡುಕ್ತೀನಿ. ಅಸಲನ್ನ ಮುಟ್ಟಲ್ಲ. ಕೂತ್ಕೊಳ್ಳಿ, ಹೊತ್ತು ಹಿಡಿಯುತ್ತೆ."

ಪರದೆಯ ಮೇಲೆ ಹಸಿರು ಗೆರೆಯೊಂದು ಇರುವೆಯಂತೆ ಹರಿಯತೊಡಗಿತು. ಬಿಸಿಲು ಎದುರಿನ ಕಟ್ಟಡದ ಗೋಡೆ ಏರಿತು. ಕೆಳಗಿನ ರಸ್ತೆಯಲ್ಲಿ ಸಂಜೆಯ ಜನ ಹೆಚ್ಚಾದರು. ಮುಗಿದಾಗ ಪರದೆಯ ತುಂಬ ಬರೀ ಅಂಕಿಗಳು ನಿಂತಿದ್ದವು. ಯಾವುದಕ್ಕೂ ಹೆಸರಿರಲಿಲ್ಲ.

"ಹೆಸರು ಹೋಗಿರುತ್ತೆ. ಒಂದೊಂದೇ ಕೇಳ್ಬೇಕು. ನಿಮಗೆ ಯಾವ ಕಿವಿ ಕೇಳುತ್ತೆ ಯಜಮಾನ್ರೆ?"

"ಬಲ" ಅಂದಳು ವೀಣಾ, ಅವರಿಗಿಂತ ಮುಂಚೆ.

ಅವನು ಹೆಡ್‌ಫೋನನ್ನು ಅವರ ತಲೆಗೆ ಹಾಕಿ ಕೂರಿಸಿದ. ಹೆಸರಿಲ್ಲದವು ಒಂದೊಂದಾಗಿ ಬಂದವು. ಯಾರೋ ಹುಡುಗರು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಅರ್ಧಕ್ಕೆ ಕಡಿದ ಹಾಡು. ಮಳೆ, ಬರೀ ಮಳೆ. ರುದ್ರೇಶನ ಮದುವೆಯ ವಾಲಗ, ಅದರ ನಡುವೆ ಯಾರೋ ನೀರು ಕೇಳಿದ್ದು. ಸದ್ದೇ ಇಲ್ಲದ ಒಂದು. ಅದರಲ್ಲಿ ಯಾರೋ ಉಸಿರಾಡುತ್ತಿದ್ದರು. ಮುರುಗೇಶಪ್ಪನವರಿಗೆ ಕತ್ತಲ ಕೋಣೆಯಲ್ಲಿ ಕೈಚಾಚಿ ನಡೆಯುತ್ತ, ಸಿಕ್ಕವರ ಮುಖ ತಡವಿ ನೋಡಿ ಬಿಡುತ್ತಿರುವಂತೆ ಅನ್ನಿಸಿತು. ಪ್ರತಿ ಸಲ ತಲೆ ಅಲ್ಲಾಡಿಸಿದರು.

ಆಮೇಲೆ ತಲೆ ಅಲ್ಲಾಡಿಸಲಿಲ್ಲ.

"ರುದ್ರೇಶಾ... ಏಳಪ್ಪಾ, ಸೈರನ್ ಕೂಗೋ ಹೊತ್ತಾಯ್ತು."

ಬಳೆಯ ಸದ್ದು. ದೂರದಲ್ಲಿ ಬಚ್ಚಲ ಹಂಡೆಗೆ ಯಾರೋ ಚೊಂಬು ಅದ್ದಿದ ಸದ್ದು. ಅದು ತಾನೇ ಅಂತ ಅವರಿಗೆ ತಿಳಿಯಿತು. ಆ ಬೆಳಿಗ್ಗೆ ಅವರು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದರು.

"ರೀ..."

ನಿಂತಿತು. ಹಾಲಿನ ಪಾತ್ರೆಯ ಹಿಡಿ ಕಿರುಗುಟ್ಟಿತು.

"ರೀ, ಹಾಲಿಗೆ ಹೋಗಿ ಬರ್ಲಾ?"

ಉತ್ತರವಿಲ್ಲ. ನೀರಿನ ಸದ್ದು. ಅವಳು ಹೊಸ್ತಿಲಲ್ಲಿ ನಿಂತಿದ್ದಾಳೆ. ಹೆಜ್ಜೆಯ ಸದ್ದಿಲ್ಲ.

"ಕೇಳುಸ್ತೇನ್ರೀ? ಹೋಗಿ ಬರ್ಲಾ?"

ಮತ್ತೆ ಉತ್ತರವಿಲ್ಲ. ಮಗನ ಕಿಸಕ್ಕನೆ ನಗು, ಅಲ್ಲಿಗೆ ಕಡಿಯಿತು.

ಮುರುಗೇಶಪ್ಪನವರ ತುಟಿ ಬಿಚ್ಚಿತು. ಅದನ್ನು ಮತ್ತೆ ಮುಚ್ಚಿಕೊಂಡರು. ಪರರ ಅಂಗಡಿ, ಪರರ ಊರು, ಇಲ್ಲಿ ಹೇಳಿದರೆ ಅವಳು ಎಲ್ಲಿಂದ ಹೊರಡಬೇಕು? ಅವರು ಹೆಡ್‌ಫೋನು ತೆಗೆದು ಮೇಜಿನ ಮೇಲೆ ಇಟ್ಟರು.

"ಅವರೇನಾ?" ಅಂದ ವಿಶ್ವಾರಾಧ್ಯ.

"ಹೂಂ. ನಿಂತೇ ಇದ್ದಾಳೆ ಸ್ವಾಮಿ."

ಅವನು ಈ ಸಲ ಆ ಕರೆಯನ್ನು ತಿದ್ದಲಿಲ್ಲ. "ನಮ್ಮಲ್ಲಿ ಹೋದೋರು ನಿಲ್ಲಲ್ಲ ಅಂತ ನಮ್ಮ ತಂದೆ ಹೇಳ್ತಾರೆ" ಅಂದ. "ಅವರು ಈ ಕುರ್ಚೀಲಿ ಕೂತಿಲ್ಲ." ದನಿಯನ್ನು ಒಂದು ಹೊಸ ಕಾರ್ಡಿಗೆ ಹಾಕಿದ. ಹಳೆಯದನ್ನು ಬೇರೆ ಪೊಟ್ಟಣ ಕಟ್ಟಿದ. "ಹಳೇದನ್ನ ಇನ್ನು ನಂಬಬೇಡಿ. ತಂಗ್ಯಮ್ಮ, ಹೊಸದಕ್ಕೆ ಪೂಜೆ ಬೇಡ. ಫೋಟೋಗೆ ಮಾಡಿ, ಸಾಕು."

ಭಾನುವಾರ ರುದ್ರೇಶ್ ಕಾರ್ಡನ್ನು ಮೊಬೈಲಿಗೆ ಹಾಕಿ ಅಲಾರಂ ಇಡಲು ಕೂತಾಗ ಮುರುಗೇಶಪ್ಪನವರು 'ನಾಳೆ ಹೇಳೋಣ' ಅಂದುಕೊಳ್ಳಲಿಲ್ಲ.

"ನಾಳೆ ಬೆಳಿಗ್ಗೆ ಮೊಬೈಲನ್ನ ಹೊಸ್ತಿಲ ಹತ್ರ ಇಡು. ಮಧ್ಯದಲ್ಲಿ ನಿಲ್ಲಿಸ್ಬೇಡ. ಪೂರ್ತಿ ಆಗ್ಲಿ."

"ಯಾಕಪ್ಪಾಜಿ?"

"ನಿಮ್ಮಮ್ಮ ಒಂದು ಮಾತು ಕೇಳಿದ್ದಾಳೆ. ನಾನು ಹೇಳಿಲ್ಲ."

ಅಡಿಕೆ ಅಗಿಯುತ್ತಿದ್ದ ದಾಕ್ಷಾಯಣಮ್ಮನ ದವಡೆ ನಿಂತಿತು. ವಿಭೂತಿಯ ವಿಷಯ ಅವಳಿಗೂ ತಿಳಿದಿತ್ತು. ಅವಳು ಎದ್ದು ಅಡುಗೆಮನೆಗೆ ಹೋಗಿ, ವೀಣಾಳ ಕೈಯಿಂದ ಪಾತ್ರೆ ತೆಗೆದುಕೊಂಡು, ತಾನೇ ತೊಳೆಯತೊಡಗಿದಳು. "ಆಕಡೆ ಕೂತ್ಕೋ ಮಾರಾಯ್ತಿ, ನಿಂಗೆ ಸರಿಯಾಗಿ ತಿಕ್ಕಕ್ಕೇ ಬರಲ್ಲ" ಅಂದಳು. ಅವಳ ಬಾಯಲ್ಲಿ ತಪ್ಪಾಯಿತು ಅನ್ನುವ ಮಾತು ಬರುವುದು ಹಾಗೆ.

ಬೆಳಗಾಗುವ ಮುಂಚೆ ವೀಣಾ ಹೊಸ್ತಿಲು ತೊಳೆದು, ಮೂರು ಬೆರಳು ವಿಭೂತಿ ಎಳೆದು, ಬಾಗಿಲನ್ನು ಹಾರು ಹೊಡೆದಿಟ್ಟಳು. ಮೊಳೆಗೆ ತೂಗುಹಾಕಿದ್ದ ಪುಷ್ಪಮ್ಮನ ಹಾಲಿನ ಪಾತ್ರೆಯನ್ನು ತೊಳೆದು ಹೊಸ್ತಿಲ ಪಕ್ಕ ಇಟ್ಟಳು. ಹೊರಗೆ ಇಬ್ಬನಿ. ಕಾರ್ಖಾನೆಯ ಚಿಮಣಿಯ ದೀಪ ಅದರೊಳಗೆ ಮಸಕಾಗಿತ್ತು. ನಾಲ್ವರೂ ನಡುಮನೆಯಲ್ಲಿ ಕೂತರು. ಬಾಗಿಲಲ್ಲಿ ಆ ಆಳೆತ್ತರದ ಚಳಿ ನಿಂತಿತ್ತು. ಆವತ್ತು ಅದು ಎಲ್ಲರಿಗೂ ತಾಗಿತು. ದಾಕ್ಷಾಯಣಮ್ಮ ಸೆರಗು ಹೊದ್ದುಕೊಂಡಳು.

ಹೊಸ್ತಿಲ ಪಕ್ಕದಿಂದ ಪುಷ್ಪಮ್ಮ ಮಗನನ್ನು ಕರೆದಳು. ರುದ್ರೇಶನ ಹೆಬ್ಬೆರಳು ಅಭ್ಯಾಸಬಲದಿಂದ ಅಲುಗಿತು. ಅವನು ಕೈ ಮುಷ್ಟಿ ಮಾಡಿಕೊಂಡ. ಬಳೆಯ ಸದ್ದಾಯಿತು. ರೀ ಅಂದಳು. ಹಾಲಿಗೆ ಹೋಗಿ ಬರ್ಲಾ ಅಂದಳು. ಮುರುಗೇಶಪ್ಪನವರು ಎದ್ದು, ನಿಧಾನವಾಗಿ ನಡೆದು, ಬಾಗಿಲು ತಮ್ಮ ಬಲಕ್ಕೆ ಬರುವಂತೆ ನಿಂತರು.

"ಕೇಳುಸ್ತೇನ್ರೀ? ಹೋಗಿ ಬರ್ಲಾ?"

"ಕೇಳುಸ್ತು" ಅಂದರು. "ಹೋಗಿ ಬಾ."

ಮಗನ ನಗು ಬಂದು ಕಡಿಯಿತು. ಬೇರೆ ಯಾವ ಸದ್ದೂ ಇರಲಿಲ್ಲ. ಹೊಸ್ತಿಲ ಪಕ್ಕ ಇಟ್ಟಿದ್ದ ಪಾತ್ರೆಯ ಹಿಡಿ ಒಮ್ಮೆ ಕಿರುಗುಟ್ಟಿ ಮಗುಚಿಕೊಂಡಿತು. ಗಾಳಿಯಿರಬಹುದು ಅಂತ ರುದ್ರೇಶ್ ಆಮೇಲೆ ಹೇಳಿದ. ಕಾರ್ಖಾನೆಯ ಸೈರನ್ ಕೂಗಿತು. ಸೈರನ್ ನಿಲ್ಲುವಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಇಬ್ಬನಿಯಿಂದ ಬಂದು, ತಲೆ ಎತ್ತದೆ ಹೊಸ್ತಿಲು ದಾಟಿ, ಪಾತ್ರೆಯನ್ನು ಮೂಸಿ, ಒಳಗೆ ಹೋಯಿತು.

"ನಾಳೆಗೆ ಅಲಾರಂ ಯಾವುದು ಹಾಕ್ಲಿ ಅಪ್ಪಾಜಿ?" ಅಂತ ರುದ್ರೇಶ್ ಕೇಳಿದ.

"ಆ ಟಿಣಿ ಟಿಣಿನೇ ಇರ್ಲಿ. ಏಳದಿದ್ರೆ ನಾನಿದ್ದೀನಿ."

ಹೊಸ ಕಾರ್ಡು ಇವತ್ತಿಗೂ ಇದೆ, ಅದರಲ್ಲಿ ದನಿಯೂ ಇದೆ. ಯುಗಾದಿಯ ದಿನ ರುದ್ರೇಶ್ ಎಲ್ಲರೆದುರು ಹಾಕಿದ. ಚೆನ್ನಾಗಿ ಕೇಳಿಸಿತು, ರೇಡಿಯೋದಲ್ಲಿ ಬಂದಂತೆ. ದಾಕ್ಷಾಯಣಮ್ಮ ಅತ್ತಳು, ವೀಣಾ ಹೋಳಿಗೆ ತಟ್ಟುತ್ತಲೇ ಕೇಳಿದಳು. ಬೆಕ್ಕು ಹೊಸ್ತಿಲ ಮೇಲೆ ಬಿಸಿಲಿಗೆ ಮಲಗಿದ್ದು ಏಳಲಿಲ್ಲ. ಉಗುರಿನಷ್ಟು ಚಿಕ್ಕದಾದ ಆ ಹಳೆಯ ಕಾರ್ಡು ಮಾತ್ರ ಪೊಟ್ಟಣದಲ್ಲಿ ಸುತ್ತಿದ್ದು ಹಾಗೇ ಫೋಟೋದ ಹಿಂದೆ ಇದೆ.

ಆ ಫೋಟೋದ ಕೆಳಗೆ ಲಿಂಗೈಕ್ಯಳಾದದ್ದು ಶ್ರಾವಣದ ಗುರುವಾರ ಅಂತ ಬರೆದಿದೆ. ದಾಕ್ಷಾಯಣಮ್ಮನನ್ನು ಕೇಳಿದರೂ ಅಕ್ಕ ಹೋದದ್ದು ಗುರುವಾರ ಅನ್ನುತ್ತಾಳೆ. ಮುರುಗೇಶಪ್ಪನವರು ಯಾರನ್ನೂ ತಿದ್ದಲು ಹೋಗುವುದಿಲ್ಲ. ಅವರು ಬಲ್ಲಂತೆ ಪುಷ್ಪಮ್ಮ ಮನೆ ಬಿಟ್ಟು ಹೊರಟದ್ದು ಮಾರ್ಗಶಿರದಲ್ಲಿ, ಸೈರನ್ನಿಗೆ ಸ್ವಲ್ಪ ಮುಂಚೆ, ಹೇಳಿಸಿಕೊಂಡು, ಆವತ್ತು ಸೋಮವಾರ.